ಸಹಿಯನ್ನು ಕೊನೆಗೆ ನೋಡಿ: ಕಂಪನಿ ನಾಟಕದ ನಟರ ಹಸ್ತಾಕ್ಷರವಿರುವ ಫೋಟೊ ಸಂಗ್ರಹಿಸುವ ಬಗೆ

ಹಳೆಯ ಕಂಪನಿ ನಾಟಕದ ನಟರೊಬ್ಬರ ಸಹಿ ಇರುವ ಫೋಟೊ ಎದುರಿಗೆ ಬಂದಾಗ ಕಣ್ಣು ತಾನಾಗಿ ಸಹಿಯ ಕಡೆಗೇ ಓಡುತ್ತದೆ. ಮೋಸ ಹೋಗುವುದು ಅಲ್ಲೇ. ಬರೀ ಸಹಿ ನೋಡಿ ಅಸಲಿ ನಕಲಿ ಹೇಳುವುದು ನುರಿತವರಿಗೂ ಕಷ್ಟ. ಆದರೆ ಕಾಗದ ಯಾವ ಕಾಲದ್ದು, ಬೆನ್ನಿನ ಮೇಲಿನ ಸ್ಟುಡಿಯೊ ಮುದ್ರೆ ಯಾವಾಗಿನದು, ಶಾಯಿ ಯಾವ ಬಗೆಯದು ಎಂಬುದನ್ನು ಹೊಸಬರೂ ಹತ್ತು ನಿಮಿಷದಲ್ಲಿ ತಿಳಿದುಕೊಳ್ಳಬಹುದು. ಈ ಮೂರೂ ಆ ನಟರು ಬದುಕಿದ್ದ ಕಾಲಕ್ಕೆ ಹೊಂದಿದ ಮೇಲೆಯೇ ಸಹಿ ಓದಲು ಕೂರಬೇಕು. ಒಂದು ಹೊಂದದಿದ್ದರೂ, ಸಹಿ ಎಷ್ಟೇ ಚೆಂದವಿರಲಿ, ಫೋಟೊವನ್ನು ವಾಪಸು ಕೊಟ್ಟುಬಿಡಿ.

ಇಲ್ಲಿ ಹೇಳುತ್ತಿರುವುದು ಸುಮಾರು 1880ರಿಂದ 1950ರವರೆಗಿನ ವೃತ್ತಿ ರಂಗಭೂಮಿಯ ಮಾತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭಾ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ, ಮಹಮದ್ ಪೀರ್ ಅವರ ಚಂದ್ರಕಲಾ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ, ಇವುಗಳ ನಟರ ಚಿತ್ರಗಳು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಕಡೆ ಹುಡುಕುವವರ ಕೈಗೆ ಬಾಲಗಂಧರ್ವರಂಥ ಮರಾಠಿ ಸಂಗೀತ ನಾಟಕದವರ ಚಿತ್ರಗಳೂ ಬಂದೇ ಬರುತ್ತವೆ. ಆ ಎರಡು ರಂಗಭೂಮಿಗಳ ನಡುವೆ ಗೋಡೆ ಇರಲಿಲ್ಲ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಲಂಡನ್ನಿನ ನಟರು ಅಭಿಮಾನಿಗಳಿಗೆ ಕಾರ್ಡಿನ ಮೇಲೆ ಸಹಿ ಹಾಕಿ ಕೊಡುತ್ತಿದ್ದ ರೂಢಿ ನಮ್ಮ ಕಂಪನಿಗಳಲ್ಲಿ ಅಷ್ಟಾಗಿ ಇರಲಿಲ್ಲ. ಇಲ್ಲಿ ಸಹಿಯಾದ ಫೋಟೊ ಹೆಚ್ಚಾಗಿ ಕಾಣಿಕೆಯ ಫೋಟೊ. ಕ್ಯಾಂಪ್ ಹಾಕಿದ ಊರಿನಲ್ಲಿ ಜಾಗ ಕೊಟ್ಟ ಸಾಹುಕಾರರಿಗೆ, ಕಂಟ್ರಾಕ್ಟರಿಗೆ, ಔಷಧ ಕೊಟ್ಟ ವೈದ್ಯರಿಗೆ, ಊಟ ಹಾಕಿದ ಮನೆಗೆ ಕೊಟ್ಟದ್ದು. ಹಾಗಾಗಿ ಬರೀ ಸಹಿಗಿಂತ “ಇಂಥವರಿಗೆ ಪ್ರೀತಿಪೂರ್ವಕ” ಎಂಬ ಸಾಲು, ಊರಿನ ಹೆಸರು, ತಾರೀಖು ಇರುವ ಫೋಟೊವನ್ನು ಹೆಚ್ಚು ನಂಬಬಹುದು. ಹೆಸರು ಬರೆದರೆ ಬೆಲೆ ಕಡಿಮೆಯಾಗುತ್ತದೆ ಎಂದು ಕೆಲವು ವ್ಯಾಪಾರಿಗಳು ಹೇಳುತ್ತಾರೆ. ಸಿನಿಮಾ ತಾರೆಯರ ಫೋಟೊಗೆ ಅದು ಸ್ವಲ್ಪ ಮಟ್ಟಿಗೆ ನಿಜವಿರಬಹುದು, ಕಂಪನಿ ನಾಟಕದ ಫೋಟೊಗೆ ಖಂಡಿತ ಅಲ್ಲ. ಪಡೆದವರ ಹೆಸರೇ ಇಲ್ಲಿ ಸಾಕ್ಷಿ.

ಜೋಳಿಗೆಯಲ್ಲಿ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಅಂದರೆ ಒಡವೆ ಅಂಗಡಿಯವರು ಕಣ್ಣಿಗಿಟ್ಟುಕೊಳ್ಳುವ ಲೂಪ್. ಚಿಕ್ಕ ಎಲ್ಇಡಿ ಟಾರ್ಚ್. 365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ (395ರದ್ದು ಅಗ್ಗ, ಆದರೆ ಅದರ ನೇರಳೆ ಬೆಳಕೇ ಎಲ್ಲವನ್ನೂ ಮುಚ್ಚಿಬಿಡುತ್ತದೆ). ಇಂಚು, ಮಿಲಿಮೀಟರ್ ಎರಡೂ ಇರುವ ಅಳತೆಪಟ್ಟಿ. ನೈಟ್ರೈಲ್ ಕೈಗವಸು; ಹತ್ತಿಯದ್ದರಲ್ಲಿ ಹಿಡಿತ ಸಿಗದೆ ಫೋಟೊದ ಮೂಲೆ ಮುರಿಯುತ್ತದೆ, ದಾರದ ಎಳೆ ಎದ್ದ ಪದರಕ್ಕೆ ಸಿಕ್ಕಿಕೊಳ್ಳುತ್ತದೆ. 2ಬಿ ಪೆನ್ಸಿಲ್. ಫೋಟೊಗಿಂತ ದೊಡ್ಡದಾದ ಎರಡು ದಪ್ಪ ರಟ್ಟು, ಮನೆಗೆ ತರುವಾಗ ನಡುವೆ ಇಡಲು. ಇಷ್ಟು ಸಾಕು.

ಕಾಗದದ ಸಾಕ್ಷಿ

ಮೊದಲು ಲೂಪ್ ಇಟ್ಟು ನಟರ ಕೆನ್ನೆಯ ಭಾಗವನ್ನೋ ಹಿಂದಿನ ಪರದೆಯ ಬೂದು ಭಾಗವನ್ನೋ ನೋಡಿ. ಸಾಲಾಗಿ ಜೋಡಿಸಿದಂತೆ ಚುಕ್ಕಿಗಳು ಕಂಡರೆ ಅದು ಫೋಟೊ ಅಲ್ಲ, ಬ್ಲಾಕ್ ಮಾಡಿ ಅಚ್ಚು ಹಾಕಿದ ಚಿತ್ರ. ಹ್ಯಾಂಡ್‌ಬಿಲ್ಲಿನಿಂದಲೋ ನಾಟಕದ ಹಾಡಿನ ಪುಸ್ತಕದಿಂದಲೋ ಕತ್ತರಿಸಿ ರಟ್ಟಿಗೆ ಅಂಟಿಸಿರುತ್ತಾರೆ. ಅದಕ್ಕೂ ಬೆಲೆಯಿದೆ, ಆದರೆ ಅದು ಬೇರೆ ವಸ್ತು. ಚುಕ್ಕಿಯ ಬದಲು ಹುಳ ಹರಿದಂಥ ಸಣ್ಣ ಸುಕ್ಕುಗಳ ಜಾಲ ಕಂಡರೆ ಕೊಲೊಟೈಪ್, ಅದೂ ಅಚ್ಚೇ. ಬೂದು ಬಣ್ಣ ಎಲ್ಲೂ ಒಡೆಯದೆ ನಯವಾಗಿ ಹರಿದಿದ್ದರೆ ಅದು ರಾಸಾಯನಿಕವಾಗಿ ಮೂಡಿಸಿದ ಫೋಟೊ.

ಮುಂದೆ ಅದು ಯಾವ ಫೋಟೊ ಎಂಬ ಪ್ರಶ್ನೆ. ಮೊಟ್ಟೆಯ ಬಿಳಿ ಲೋಳೆ ಬಳಿದು ಮಾಡುತ್ತಿದ್ದ ಆಲ್ಬ್ಯುಮೆನ್ ಕಾಗದ ತೀರಾ ತೆಳು. ಒಂಟಿಯಾಗಿ ಇಟ್ಟರೆ ಸುರುಳಿಯಾಗುವುದರಿಂದ ಯಾವಾಗಲೂ ರಟ್ಟಿಗೆ ಅಂಟಿಸಿರುತ್ತಾರೆ. ಲೂಪ್ ಕೆಳಗೆ ಕಾಗದದ ನಾರು ಕಾಣುತ್ತದೆ, ಬಿಳಿಯ ಭಾಗ ಹಳದಿಯಾಗಿರುತ್ತದೆ, ಮೇಲ್ಮೈ ತುಂಬ ಕೂದಲೆಳೆಯ ಬಿರುಕು. 1890ರ ದಶಕದಿಂದ ಆ ಜಾಗಕ್ಕೆ ಜೆಲಟಿನ್ ಎಂಬ ಅಂಟಿನ ಪದರ ಬಳಿದ ಕಾಗದ ಬಂತು. ಜೆಲಟಿನ್ ಸಿಲ್ವರ್ ಫೋಟೊ ಹಳತಾದರೆ ಕಪ್ಪಾದ ಭಾಗಗಳಲ್ಲಿ, ಅಂಚಿನಿಂದ ಒಳಕ್ಕೆ, ಬೆಳ್ಳಿಯ ಹೊಳಪು ಏಳುತ್ತದೆ. ಫೋಟೊವನ್ನು ಓರೆಯಾಗಿ ಹಿಡಿದರೆ ಕನ್ನಡಿಯಂತೆ ಮಿಂಚುತ್ತದೆ. ಇದನ್ನು ಹಾಳಾಗಿದೆ ಎಂದು ಒರೆಸಲು ಹೋಗುವವರಿದ್ದಾರೆ. ಅದು ವಯಸ್ಸಿನ ಒಳ್ಳೆಯ ಗುರುತು, ಮುಟ್ಟಬೇಡಿ.

ಅಳತೆಯೂ ಮಾತಾಡುತ್ತದೆ. ರಟ್ಟು ಎರಡೂವರೆಗೆ ನಾಲ್ಕು ಇಂಚು ಇದ್ದರೆ ಕಾರ್ಟ್-ಡಿ-ವಿಸಿಟ್, ನಾಲ್ಕೂಕಾಲಿಗೆ ಆರೂವರೆ ಇದ್ದರೆ ಕ್ಯಾಬಿನೆಟ್ ಕಾರ್ಡ್, ಮೂರೂವರೆಗೆ ಐದೂವರೆ ಇದ್ದರೆ ಪೋಸ್ಟ್‌ಕಾರ್ಡ್. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಹಾಫ್ ಪ್ಲೇಟ್, ಫುಲ್ ಪ್ಲೇಟ್ ಅಳತೆಯ ಫೋಟೊಗಳು. ಅಂದರೆ ನಾಲ್ಕೂಮುಕ್ಕಾಲಿಗೆ ಆರೂವರೆ, ಆರೂವರೆಗೆ ಎಂಟೂವರೆ ಇಂಚಿನವು. ಸ್ಟುಡಿಯೊ ಹೆಸರನ್ನು ಉಬ್ಬಚ್ಚು ಹಾಕಿದ ಅಗಲವಾದ ಬೂದು ಅಥವಾ ಕಂದು ರಟ್ಟಿನ ಮೇಲಿರುತ್ತವೆ. ಸಹಿ ಹೆಚ್ಚಾಗಿ ಇರುವುದು ಈ ರಟ್ಟಿನ ಕೆಳ ಅಂಚಿನ ಮೇಲೆ, ಚಿತ್ರದ ಮೇಲಲ್ಲ. ಫ್ರೇಮಿಗೆ ಕೂರಿಸಲು ರಟ್ಟು ಕತ್ತರಿಸಿದಾಗ ಎಷ್ಟೋ ಸಹಿಗಳು ಹೀಗೇ ಕಸಕ್ಕೆ ಹೋಗಿವೆ. ಕೆಳಗಿನ ಅಂಚು ಮಿಕ್ಕ ಮೂರಕ್ಕಿಂತ ಕಿರಿದಾಗಿದ್ದರೆ ಫ್ರೇಮಿನ ಹಿಂಬದಿಯನ್ನೂ ನೋಡಿ. ಕತ್ತರಿಸಿದ ಪಟ್ಟಿಯನ್ನು ಅಲ್ಲೇ ಒತ್ತಿಗೆ ಇಟ್ಟಿರುವುದುಂಟು.

ಈಗ ನೇರಳಾತೀತ ಟಾರ್ಚ್. ಕತ್ತಲೆಯಲ್ಲಿ ಕಾಗದದ ಬೆನ್ನಿಗೂ ಚಿತ್ರದ ಬಿಳಿ ಅಂಚಿಗೂ ಬೆಳಕು ಬಿಡಿ. 1950ರ ದಶಕದಿಂದ ಈಚೆಗೆ ಫೋಟೊ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದರು. ಅಂಥ ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ. ವರದಾಚಾರ್ಯರು ತೀರಿಕೊಂಡದ್ದು 1926ರಲ್ಲಿ. ಅವರ ಸಹಿ ಇದೆ ಎನ್ನುವ ಫೋಟೊದ ಕಾಗದ ಹೀಗೆ ಹೊಳೆದರೆ ಮಾತು ಅಲ್ಲಿಗೆ ಮುಗಿಯಿತು. ಹೊಳೆಯದಿದ್ದರೆ ಹಳೆಯದೇ ಎಂದು ಮಾತ್ರ ಹೇಳಬೇಡಿ, ಆಮೇಲಿನ ಎಷ್ಟೋ ಕಾಗದಗಳಲ್ಲೂ ಆ ರಾಸಾಯನಿಕ ಇರಲಿಲ್ಲ. ಮೇಲೆ ಬಿದ್ದ ಗೋಂದು, ಸೋಪಿನ ಕಲೆ ಕೂಡ ಹೊಳೆಯುತ್ತವೆ. ನೋಡಬೇಕಾದದ್ದು ಇಡೀ ಕಾಗದ ಒಂದೇ ಸಮನಾಗಿ ಹೊಳೆಯುತ್ತದೆಯೇ ಎಂದು. ಬೆನ್ನು ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ ಟಾರ್ಚೇ ಬೇಡ. ಆ ಕಾಗದ ಬಂದದ್ದು 1960ರ ದಶಕದ ಕೊನೆಯಲ್ಲಿ.

ಅತಿ ಹೆಚ್ಚು ಜನ ಎಡವುವುದು ಫೋಟೊದ ಫೋಟೊದಲ್ಲಿ. ನಟರು ತೀರಿಕೊಂಡ ಮೇಲೆ ಹಾರ ಹಾಕಲು ಮನೆಯವರು ಹಳೆಯ ಚಿತ್ರವನ್ನು ಸ್ಟುಡಿಯೊಗೆ ಒಯ್ದು ದೊಡ್ಡದು ಮಾಡಿಸುತ್ತಿದ್ದರು. ಮೂಲದಲ್ಲಿದ್ದ ಸಹಿಯೂ ಅದರಲ್ಲಿ ಮೂಡಿರುತ್ತದೆ. ಗುರುತು ಹಿಡಿಯುವುದು ಸುಲಭ. ಚಿತ್ರದಲ್ಲಿ ಮಡಿಕೆ, ಬಿರುಕು, ಕಲೆ ಕಾಣುತ್ತದೆ, ಕೈಗವಸಿನ ಬೆರಳಾಡಿಸಿದರೆ ಮಾತ್ರ ಮೇಲ್ಮೈ ನುಣ್ಣಗಿರುತ್ತದೆ. ಕಪ್ಪು ಬಿಳುಪು ಗಡುಸಾಗಿ, ಒಡವೆಯ ಮಣಿಗಳು ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ. ಮಾರುವ ಮನೆಯವರು ಸುಳ್ಳು ಹೇಳುತ್ತಿರುವುದಿಲ್ಲ. ಅಜ್ಜನ ಸಹಿ ಎಂದು ಅವರು ಮನಸಾರೆ ನಂಬಿರುತ್ತಾರೆ, ಸಹಿ ಅಜ್ಜನದೇ, ಆದರೆ ಆ ಕಾಗದದ ಮೇಲೆ ಹಾಕಿದ್ದಲ್ಲ.

ಬೆನ್ನು ತಿರುಗಿಸಿ

ಬೆನ್ನಿನ ಮೇಲಿನ ಮುದ್ರೆ, ಚೀಟಿ, ವಿಳಾಸಗಳಿಂದ ಕಾಲ ಕಟ್ಟುವುದು ಈ ಹವ್ಯಾಸದ ಅತ್ಯಂತ ಸುಖದ ಭಾಗ. ಕೆಲವು ಗಟ್ಟಿಯಾದ ಗೂಟಗಳು ಇವು. ಬೆಂಗಳೂರಿನ ಸ್ಟುಡಿಯೊ ವಿಳಾಸದಲ್ಲಿ ಸೌತ್ ಪೆರೇಡ್ ಎಂದಿದ್ದರೆ ಮುದ್ರೆ ಮಾಡಿಸಿದ್ದು 1948ಕ್ಕೆ ಮುಂಚೆ, ಆ ವರ್ಷ ಅದು ಮಹಾತ್ಮ ಗಾಂಧಿ ರಸ್ತೆಯಾಯಿತು. ಧಾರವಾಡ, ಬೆಳಗಾವಿಯ ಮುದ್ರೆಯಲ್ಲಿ ಮುಂಬಯಿ ಇಲಾಖೆ ಎಂದಿದ್ದರೆ ಸ್ವಾತಂತ್ರ್ಯಕ್ಕೆ ಮುಂಚಿನ ಮಾದರಿ. ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆಯಲ್ಲಿದ್ದರೆ ಆಮೇಲಿನದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಕರ್ನಾಟಕ ರಾಜ್ಯ ಎಂದು ಬರೆದಿದ್ದರೆ 1973ರ ನವೆಂಬರ್ ಆಚೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಇಂದಿನ ಬೆಂಗಳೂರು, ಹುಬ್ಬಳ್ಳಿಯ ಉಚ್ಚಾರದಂತೆ ಬರೆದ “ಹಳೆಯ” ಮುದ್ರೆ ಸಿಕ್ಕರೆ ಅದನ್ನು ಮಾಡಿಸಿದವರಿಗೆ 2014ರ ಹೆಸರು ಬದಲಾವಣೆ ನೆನಪಿರಲಿಲ್ಲ ಎಂದರ್ಥ.

ಒಂದು ಎಚ್ಚರ: ಹಳೆಯ ರಬ್ಬರ್ ಮುದ್ರೆಯನ್ನು ಸ್ಟುಡಿಯೊದವರು ವರ್ಷಗಟ್ಟಲೆ ಬಳಸುತ್ತಿದ್ದರು. ಆದ್ದರಿಂದ ಹಳೆಯ ವಿಳಾಸ “ಇದಕ್ಕಿಂತ ಹಿಂದೆ” ಎಂದು ಖಚಿತವಾಗಿ ಹೇಳುವುದಿಲ್ಲ. ಹೊಸ ವಿಳಾಸ ಮಾತ್ರ “ಇದಕ್ಕಿಂತ ಈಚೆ” ಎಂದು ಖಂಡಿತವಾಗಿ ಹೇಳುತ್ತದೆ.

ಬಿರುದುಗಳೂ ಗೂಟವೇ. ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡದ್ದೂ ಅದೇ ವರ್ಷ. ಪದ್ಮಶ್ರೀ ಎಂದು ಅಚ್ಚಾದ ಕಾರ್ಡಿನ ಮೇಲೆ ಅವರ ಸಹಿ ಇದ್ದರೆ ಅದು ಆ ಕೆಲವೇ ತಿಂಗಳಲ್ಲಿ ಹಾಕಿದ್ದಾಗಿರಬೇಕು, ವಯಸ್ಸಾದ ಕೈಯ ಸಹಿಯಾಗಿರಬೇಕು. ಹಾಗಿಲ್ಲದೆ ನಡುವಯಸ್ಸಿನ ದೃಢವಾದ ಸಹಿ ಕಂಡರೆ ನಿಲ್ಲಿಸಿ.

ಸಿನಿಮಾದ ಸ್ಟಿಲ್ಲುಗಳು ನಾಟಕದ ಫೋಟೊ ಎಂದು ಮಾರಾಟವಾಗುವುದೂ ಸಾಮಾನ್ಯ. 1934ರ ಮಾರ್ಚ್‌ನಲ್ಲಿ ಬಿಡುಗಡೆಯಾದ ‘ಸತಿ ಸುಲೋಚನ’ದಲ್ಲಿ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಿಬ್ಬರೂ ಪೌರಾಣಿಕ ವೇಷದಲ್ಲೇ ಇದ್ದಾರೆ. ಗುಬ್ಬಿ ಕಂಪನಿಗೆ ಹೆಸರು ತಂದ ‘ಸದಾರಮೆ’ 1935ರಲ್ಲಿ ಸಿನಿಮಾ ಆಯಿತು. ನೆಲ ನೋಡಿ, ಬೆಳಕು ನೋಡಿ. ಬರೆದ ಪರದೆ, ಅದರ ಕೆಳಗಿನ ಬಿದಿರಿನ ಉರುಳು, ರತ್ನಗಂಬಳಿ ಇದ್ದರೆ ಸ್ಟುಡಿಯೊ ಅಥವಾ ರಂಗ. ನೆರಳು ಹಲವು ದಿಕ್ಕಿಗೆ ಬಿದ್ದು, ಹಿಂದೆ ಕಟ್ಟಿದ ಕಂಬ ಗೋಡೆಗಳಿಗೆ ನಿಜವಾದ ಆಳವಿದ್ದರೆ ಸಿನಿಮಾ ಸೆಟ್ಟು. ನಾಟಕ ನಡೆಯುತ್ತಿರುವಾಗಲೇ ತೆಗೆದಂತೆ ಕಾಣುವ ಹಳೆಯ ಚಿತ್ರಗಳೂ ಬಹುಮಟ್ಟಿಗೆ ಹಗಲಿನಲ್ಲಿ ನಿಲ್ಲಿಸಿ ತೆಗೆದವು. ಆ ಕಾಲದ ಗಾಜಿನ ನೆಗೆಟಿವ್ ಪ್ಲೇಟಿಗೆ ರಂಗದ ದೀಪದ ಬೆಳಕು ಸಾಲುತ್ತಿರಲಿಲ್ಲ.

ಶಾಯಿ, ಆಮೇಲೆ ಸಹಿ

ಟಾರ್ಚನ್ನು ಫೋಟೊದ ಪಕ್ಕದಲ್ಲಿ, ಹೆಚ್ಚು ಕಡಿಮೆ ಮೇಜಿಗೆ ಒರಗಿದಂತೆ ಹಿಡಿದು ಸಹಿಯ ಮೇಲೆ ಬೆಳಕು ಹಾಯಿಸಿ. ಕೈಯಿಂದ ಹಾಕಿದ ಶಾಯಿ ಮೇಲ್ಮೈ ಮೇಲೆ ಕೂತಿರುತ್ತದೆ, ಅದರ ಹೊಳಪು ಸುತ್ತಲಿನ ಜೆಲಟಿನ್‌ಗಿಂತ ಬೇರೆ. ಬೆಳಕಿನ ಗೆರೆ ಸಹಿಯನ್ನು ದಾಟುವಾಗ ಏನೂ ಬದಲಾಗದೆ ಹರಿದರೆ ಸಹಿ ಫೋಟೊದೊಳಗೇ ಮೂಡಿದ್ದು. ಬಿಳಿ ಅಕ್ಷರಗಳಲ್ಲಿ ವಿಶೇಷವಾಗಿ ಹುಷಾರು. ನೆಗೆಟಿವ್ ಮೇಲೆ ಕಪ್ಪು ಶಾಯಿಯಲ್ಲಿ ಬರೆದರೆ ಪ್ರಿಂಟಿನಲ್ಲಿ ಬಿಳಿಯಾಗಿ ಬರುತ್ತದೆ, ಒಂದೇ ನೆಗೆಟಿವ್‌ನಿಂದ ನೂರು ಪ್ರತಿ ತೆಗೆದರೆ ನೂರರಲ್ಲೂ ಅದೇ ಸಹಿ. ನೆಗೆಟಿವ್ ಕೆರೆದು ಬರೆದದ್ದಾದರೆ ಕಪ್ಪಾಗಿ ಬರುತ್ತದೆ, ಇದು ಇನ್ನೂ ಮೋಸಗೊಳಿಸುವಂಥದ್ದು. ಬಾಲಗಂಧರ್ವರ ಸ್ತ್ರೀಪಾತ್ರದ ಚಿತ್ರಗಳಂತೆ ದೊಡ್ಡ ಸಂಖ್ಯೆಯಲ್ಲಿ ಹಂಚಿಕೆಯಾದವುಗಳಲ್ಲಿ ಈ ಪರೀಕ್ಷೆ ಮಾಡದೆ ಕಾಸು ಬಿಚ್ಚಬೇಡಿ.

ನಿಬ್ಬಿನ ಲೇಖನಿ ಲೂಪಿನ ಕೆಳಗೆ ತನ್ನ ಗುರುತು ಹೇಳುತ್ತದೆ. ಒತ್ತಿ ಎಳೆದ ಕಡೆ ನಿಬ್ಬಿನ ಎರಡು ತುದಿ ಬೇರೆಯಾಗಿ, ಗೆರೆಯ ಎರಡೂ ಅಂಚು ರೈಲು ಹಳಿಯಂತೆ ಗಾಢವಾಗಿ ನಡುವೆ ತೆಳುವಾಗಿರುತ್ತದೆ. ಗೆರೆ ಶುರುವಾಗುವಲ್ಲಿ, ಮುಗಿಯುವಲ್ಲಿ ಸಪೂರ. ಹಳೆಯ ಕಬ್ಬಿಣದ ಶಾಯಿ ಕಾಲ ಕಳೆದಂತೆ ಕಂದಾಗುತ್ತದೆ, ರಟ್ಟಿನ ಮೇಲಾದರೆ ಗೆರೆಯ ಸುತ್ತ ತಿಳಿಗಂದು ನೆರಳು ಹಬ್ಬಿರುತ್ತದೆ. ರಬ್ಬರ್ ಮೊಹರಿನ ಸಹಿಯಲ್ಲಿ ಈ ಏರಿಳಿತ ಇರುವುದಿಲ್ಲ. ಗೆರೆಯೆಲ್ಲ ಒಂದೇ ದಪ್ಪ, ಅಂಚಿಗೆ ಶಾಯಿ ಒತ್ತಿ ಹೊರಬಂದಿರುತ್ತದೆ, ಎರಡು ಗೆರೆ ಹಾಯುವಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯುವುದಿಲ್ಲ.

ನೇರಳೆ ಬಣ್ಣದ ಬರಹ ಕಂಡರೆ ಕಾಪಿಯಿಂಗ್ ಪೆನ್ಸಿಲ್ ಇರಬಹುದು. ನಾಲಿಗೆಗೆ ತಾಗಿಸಿ ಬರೆಯುತ್ತಿದ್ದ ಆ ಪೆನ್ಸಿಲ್ ಲೆಕ್ಕದ ಪುಸ್ತಕ ಇಡುವವರ ಬಳಿ ಇರುತ್ತಿತ್ತು, ಕಂಪನಿಯ ಮ್ಯಾನೇಜರ ಬಳಿಯೂ. ಒಂದು ಹನಿ ನೀರು ಬಿದ್ದರೂ ಬರಹ ಹೂವಿನಂತೆ ಅರಳಿ ಹೋಗುತ್ತದೆ; ಹಾಗಾಗಿ ಇಂಥ ಫೋಟೊವನ್ನು ಒದ್ದೆ ಬಟ್ಟೆಯ ಹತ್ತಿರಕ್ಕೂ ತರಬೇಡಿ.

ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಅಕ್ಟೋಬರಿನಲ್ಲಿ. ನಮ್ಮ ಊರುಗಳಿಗೆ ಇಳಿಯಲು ಮತ್ತಷ್ಟು ವರ್ಷ ಬೇಕಾಯಿತು. ಗೆರೆಯಲ್ಲಿ ಅಲ್ಲಲ್ಲಿ ಗುಟುಕು ಶಾಯಿ, ತಿರುವಿನಲ್ಲಿ ಬಿಳಿ ಎಳೆ, ಬೆನ್ನಿನಲ್ಲಿ ಒತ್ತಿದ ತಗ್ಗು ಇದ್ದರೆ ಬಾಲ್ ಪೆನ್. 1930ರ ಫೋಟೊದ ಮೇಲೆ ಬಾಲ್ ಪೆನ್ನಿನ ಸಹಿ ಇರಲೇಬಾರದು ಎಂದೇನಿಲ್ಲ, ನಟರು ಮುಂದೆ ಬಹುಕಾಲ ಬದುಕಿದ್ದರೆ ಹಳೆಯ ಚಿತ್ರದ ಮೇಲೆ ಆಮೇಲೆ ಸಹಿ ಹಾಕಿರಬಹುದು. ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿದವರು. ಅಂಥದ್ದನ್ನು ದಾಖಲೆಯಲ್ಲಿ “ನಂತರದ ಸಹಿ” ಎಂದು ಬರೆಯಿರಿ, ಆ ಕಾಲದ್ದು ಎಂದು ಯಾರಿಗೂ ಹೇಳಬೇಡಿ.

ಇಷ್ಟೂ ದಾಟಿದ ಮೇಲೆ ಸಹಿಯನ್ನೇ ಓದಿ. ಹೋಲಿಸಲು ಅದೇ ದಶಕದ ನಾಲ್ಕೈದು ಖಚಿತ ಸಹಿಗಳು ಬೇಕು: ಕಂಪನಿಯ ಕರಾರು ಪತ್ರ, ಮನೆಯವರ ಬಳಿ ಇರುವ ಕಾಗದಗಳು, ನೋಂದಣಿಯಾದ ದಸ್ತಾವೇಜು. ಜಾಲತಾಣದಲ್ಲಿ ಮಾರಾಟಕ್ಕಿಟ್ಟ ಸಹಿಗಳನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ, ಒಂದು ನಕಲಿಯನ್ನು ಇನ್ನೊಂದು ನಕಲಿಯಿಂದ ಅಸಲಿ ಮಾಡಿದಂತಾಗುತ್ತದೆ. ಹೋಲಿಸುವಾಗ ಆಕಾರಕ್ಕಿಂತ ಓಟ ನೋಡಿ. ಕೈ ಎಲ್ಲಿ ನಿಂತಿತು, ಎಲ್ಲಿ ಎತ್ತಿತು, ಒತ್ತಕ್ಷರವನ್ನು ಹೆಸರಿನ ಜೊತೆಗೇ ಹಾಕಿದರೋ ಕೊನೆಗೆ ಹಿಂತಿರುಗಿ ಬಂದು ಹಾಕಿದರೋ, ತಲೆಕಟ್ಟನ್ನು ಮೊದಲು ಎಳೆದರೋ ಆಮೇಲೋ. ನೋಡಿ ನೋಡಿ ಬರೆದ ಸಹಿಯಲ್ಲಿ ಆಕಾರ ತಪ್ಪುವುದಿಲ್ಲ, ಓಟ ತಪ್ಪುತ್ತದೆ. ಗೆರೆ ನಡುಗಿ, ನಿಲ್ಲಬಾರದ ಕಡೆ ಶಾಯಿಯ ಚುಕ್ಕೆ ಉಳಿದಿರುತ್ತದೆ. ಎರಡು ಸಹಿಗಳು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅದಕ್ಕಿಂತ ದೊಡ್ಡ ಅನುಮಾನ ಬೇರೆ ಬೇಡ.

ಲಿಪಿಯ ಪ್ರಶ್ನೆಯೂ ಇದೆ. ಮುಂಬಯಿ ಕರ್ನಾಟಕದ ಹಿರಿಯರಲ್ಲಿ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಓಡುಬರಹದಲ್ಲಿ, ಸಹಿ ಹಾಕುವವರಿದ್ದರು. ಗೀಚಿದಂತೆ ಕಾಣುವ ಆ ಬರಹವನ್ನು ಬಿಸಾಡುವ ಮೊದಲು ಮೋಡಿ ಓದಬಲ್ಲವರಿಗೆ ತೋರಿಸಿ. ಮೈಸೂರಿನ ಕಡೆ ಇಂಗ್ಲಿಷ್ ಸಹಿ, ಕನ್ನಡ ಸಹಿ ಎರಡೂ ಒಬ್ಬರದೇ ಇರಬಹುದು. ಓದು ಬರಹ ಕಲಿಯದೆ ಬಾಲ್ಯದಲ್ಲೇ ಕಂಪನಿ ಸೇರಿದ ನಟ ನಟಿಯರೂ ಬಹಳ. ಅವರ ಪರವಾಗಿ ಮ್ಯಾನೇಜರೋ ಕವಿಗಳೋ ಹೆಸರು ಬರೆದುಕೊಟ್ಟದ್ದು ವಂಚನೆಯಲ್ಲ, ಆ ಕಾಲದ ನಡೆ. ಒಂದೇ ಕಂಪನಿಯ ಮೂವರು ನಟರ “ಸಹಿ”ಗಳು ಒಂದೇ ಕೈಬರಹದಲ್ಲಿದ್ದರೆ ಅದನ್ನು ಹಾಗೆಯೇ ದಾಖಲಿಸಿ. ಹೆಸರಿನ ಮುಂದೆ “ಪ್ರೊ.” ಎಂದಿದ್ದರೆ ಪ್ರೊಫೆಸರ್ ಎಂದು ಓದಬೇಡಿ, ಪ್ರೊಪ್ರೈಟರ್, ಕಂಪನಿಯ ಮಾಲೀಕರು.

ತಾರೀಖನ್ನು ಸಂವತ್ಸರದಲ್ಲಿ ಬರೆದಿದ್ದರೆ ಲೆಕ್ಕ ಹಾಕಿ. ಶ್ರೀಮುಖ ಎಂದರೆ 1933ರ ಯುಗಾದಿಯಿಂದ 1934ರ ಯುಗಾದಿಯವರೆಗೆ, ಅದರ ಹಿಂದಿನ ಶ್ರೀಮುಖ ಅರವತ್ತು ವರ್ಷ ಹಿಂದೆ. ತಿಥಿ, ವಾರ, ಇಂಗ್ಲಿಷ್ ತಾರೀಖು ಮೂರೂ ಇದ್ದರೆ ಹಳೆಯ ಪಂಚಾಂಗ ತೆಗೆದು ತಾಳೆ ನೋಡಿ. ನಕಲು ಮಾಡುವವರು ಇಷ್ಟು ದೂರ ಯೋಚಿಸಿರುವುದಿಲ್ಲ. ಊರಿನ ಹೆಸರಿದ್ದರೆ ಕಂಪನಿ ಆ ತಿಂಗಳು ಅಲ್ಲಿ ಕ್ಯಾಂಪ್ ಹಾಕಿತ್ತೇ ಎಂಬುದನ್ನು ‘ತಾಯಿನಾಡು’, ‘ಸಂಯುಕ್ತ ಕರ್ನಾಟಕ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳ ಜಾಹೀರಾತಿನಲ್ಲಿ, ಹ್ಯಾಂಡ್‌ಬಿಲ್ಲುಗಳಲ್ಲಿ ಹುಡುಕಬಹುದು. ಹ್ಯಾಂಡ್‌ಬಿಲ್ಲನ್ನು ಫೋಟೊ ಸಂಗ್ರಹಿಸುವವರು ಬೇಡವೆನ್ನುವುದು ದೊಡ್ಡ ನಷ್ಟ. ಎರಡನ್ನೂ ಜೊತೆಯಲ್ಲಿ ಕೊಳ್ಳಿ.

ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು

ಬೆಂಗಳೂರಿನ ಸಂಡೆ ಬಜಾರ್, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು, ಮುಂಬಯಿಯ ಚೋರ್ ಬಜಾರ್, ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಕ್ಕೆ ಬರುವ ವ್ಯಾಪಾರಿಗಳು, ಮುಚ್ಚುತ್ತಿರುವ ಸ್ಟುಡಿಯೊಗಳು, ಗುಜರಿ ಅಂಗಡಿಗಳು. ಇವೆಲ್ಲ ಇವೆ. ಆದರೆ ಒಳ್ಳೆಯ ಫೋಟೊಗಳು ಇರುವುದು ಕ್ಯಾಂಪ್ ನಡೆದ ಊರುಗಳ ಮನೆಗಳಲ್ಲಿ: ಗದಗ, ಹುಬ್ಬಳ್ಳಿ, ಇಳಕಲ್, ಗುಳೇದಗುಡ್ಡ, ದಾವಣಗೆರೆ, ತುಮಕೂರು, ಮೈಸೂರು. ಹಳೆಯ ಥಿಯೇಟರಿನ ಮಾಲೀಕರು, ಬಟ್ಟೆ ವ್ಯಾಪಾರದ ಮನೆತನಗಳು, ಹಳೆಯ ದವಾಖಾನೆ ಇದ್ದ ಮನೆಗಳು.

ಕಲಾವಿದರ ಮನೆಗೆ ಹೋದಾಗ ಮೊದಲ ಭೇಟಿಯಲ್ಲಿ ಬೆಲೆ ಮಾತಾಡಬಾರದು. ಗೋಡೆಯ ಮೇಲಿರುವುದನ್ನು ಇದ್ದ ಹಾಗೇ ಫೋಟೊ ತೆಗೆಯಲು ಅನುಮತಿ ಕೇಳಿ, ಚಿತ್ರದಲ್ಲಿರುವವರ ಹೆಸರು, ಪಾತ್ರ, ವರ್ಷವನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಗುಂಪು ಚಿತ್ರದಲ್ಲಿ ಎಡದಿಂದ ಬಲಕ್ಕೆ ಹೆಸರು ಹೇಳಬಲ್ಲವರು ಇಂದು ಇದ್ದಾರೆ, ಇನ್ನು ಹತ್ತು ವರ್ಷಕ್ಕೆ ಇರುವುದಿಲ್ಲ. ಸ್ತ್ರೀವೇಷದ ಗಂಡು ನಟರನ್ನು ನಟಿ ಎಂದು, ನಟಿಯನ್ನು ಗಂಡು ನಟ ಎಂದು ತಪ್ಪಾಗಿ ಬರೆದ ಚೀಟಿಗಳು ಬಹಳ. ಬಲ್ಲವರ ಒಂದು ಮಾತು ಅದನ್ನು ಸರಿಮಾಡುತ್ತದೆ. ಮನೆಯವರು ಕೊಡಲು ಒಪ್ಪಿದರೂ ಸ್ಕ್ಯಾನ್ ಮಾಡಿದ ಒಳ್ಳೆಯ ಪ್ರಿಂಟ್ ಫ್ರೇಮ್ ಹಾಕಿಸಿ ಅದೇ ಮೊಳೆಗೆ ತೂಗುಹಾಕಿ ಬನ್ನಿ. ಆಲ್ಬಮ್ಮಿನಿಂದ ಒಂದೇ ಒಂದು ಸಹಿಯ ಫೋಟೊ ಕಿತ್ತು ಕೊಳ್ಳಬೇಡಿ. ಅದರ ಅಕ್ಕಪಕ್ಕದ ಚಿತ್ರಗಳೇ ಆ ಸಹಿಗೆ ಆಧಾರ, ಕಿತ್ತರೆ ಎರಡೂ ಅನಾಥ.

ಚೀಟಿ ಬರೆಸಿಕೊಳ್ಳುವುದು ಮರೆಯಬೇಡಿ: ಯಾರಿಂದ, ಯಾವ ದಿನ, ಎಷ್ಟಕ್ಕೆ, ಅವರಿಗೆ ಹೇಗೆ ಬಂತು. ಅವರ ಕೈಬರಹದಲ್ಲೇ ಆದರೆ ಇನ್ನೂ ಒಳ್ಳೆಯದು.

ಮನೆಗೆ ತಂದ ಮೇಲೆ

ಫ್ರೇಮಿನ ಗಾಜಿಗೆ ಫೋಟೊ ಅಂಟಿರುವುದು ನಮ್ಮ ಹವೆಯಲ್ಲಿ ಮಾಮೂಲು. ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜಿಗೆ ಕಚ್ಚುತ್ತದೆ. ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕಾಗದ ಕೈಗೆ ಬರುತ್ತದೆ. ಬಿಸಿ ಗಾಳಿ, ಹಬೆ, ಬ್ಲೇಡು ಯಾವುದೂ ಬೇಡ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಗಾಜಿನ ಸಮೇತ ಇಡಿ. ಬಿಡಿಸಲೇಬೇಕಾದರೆ ಬೆಂಗಳೂರಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ಕೇಳಿ.

ಹಾರ ಹಾಕಿ ಪೂಜಿಸಿದ ಫೋಟೊಗಳಲ್ಲಿ ಅರಿಶಿನ ಕುಂಕುಮ, ಊದುಬತ್ತಿಯ ಮಸಿ, ಎಣ್ಣೆಯ ಜಿಡ್ಡು ಇರುತ್ತದೆ. ಗಾಜಿನ ಮೇಲಿದ್ದರೆ ಗಾಜು ಒರೆಸಿ. ಚಿತ್ರದ ಮೇಲೇ ಇದ್ದರೆ ಮೆತ್ತನೆಯ ಒಣ ಕುಂಚದಿಂದ ಬಿಡಿಯಾದ ಪುಡಿಯನ್ನು ಮಾತ್ರ ಸರಿಸಿ, ಉಳಿದದ್ದನ್ನು ಹಾಗೇ ಬಿಡಿ. ಆ ಕುಂಕುಮವೂ ಆ ಫೋಟೊದ ಚರಿತ್ರೆಯೇ. ಬೂಷ್ಟು ಹಿಡಿದಿದ್ದರೆ ಬೇರೆ ಫೋಟೊಗಳಿಂದ ದೂರವಿಟ್ಟು, ಒಣ ಜಾಗದಲ್ಲಿ ಕೆಲವು ದಿನ ಆರಲು ಬಿಡಿ. ಪೂರ್ತಿ ಒಣಗಿ ಪುಡಿಯಾದ ಮೇಲೆ ಎನ್-95 ಮುಸುಕು ಹಾಕಿಕೊಂಡು ಮನೆಯ ಹೊರಗೆ ಕುಂಚದಿಂದ ಉದುರಿಸಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಸಕ್ಕರೆಯಂತೆ ಕರಗುತ್ತದೆ, ಒದ್ದೆ ಹತ್ತಿ ತಾಗಿಸಿದರೆ ಚಿತ್ರವೇ ಹತ್ತಿಗೆ ಬರುತ್ತದೆ.

ಲ್ಯಾಮಿನೇಷನ್, ಸೆಲೋಟೇಪ್, ಫೆವಿಕಾಲ್ ಈ ಮೂರನ್ನು ಹಳೆಯ ಫೋಟೊದ ಕೋಣೆಗೇ ತರಬೇಡಿ. ಲ್ಯಾಮಿನೇಟ್ ಮಾಡಿದ ಮೇಲೆ ಬಿಡಿಸುವ ದಾರಿ ಇಲ್ಲವೆಂದೇ ತಿಳಿಯಿರಿ.

ಇಡುವ ವಿಚಾರದಲ್ಲಿ ವಿದೇಶಿ ಪುಸ್ತಕಗಳ ಸಲಹೆಯನ್ನು ನಮ್ಮ ಹವೆಗೆ ತಿದ್ದಿಕೊಳ್ಳಬೇಕು. ಅವು ಪಾಲಿಯೆಸ್ಟರ್ ಲಕೋಟೆಯನ್ನು ಹೊಗಳುತ್ತವೆ. ಬೆಂಗಳೂರು, ಧಾರವಾಡದಲ್ಲಿ ಅದು ನಡೆಯುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ಯಾವ ಪ್ಲಾಸ್ಟಿಕ್ ಆದರೂ ಜೆಲಟಿನ್‌ಗೆ ಅಂಟುತ್ತದೆ. ಅಲ್ಲಿ ಆಮ್ಲರಹಿತ ಕಾಗದದ ನಾಲ್ಕು ಮಡಿಕೆಯ ಲಕೋಟೆಯೇ ಸರಿ. ಪದರ ಏಳುತ್ತಿರುವ ಫೋಟೊಗೆ ಎಲ್ಲಿದ್ದರೂ ಪಾಲಿಯೆಸ್ಟರ್ ಬೇಡ, ಅದರ ಸ್ಥಾಯಿ ವಿದ್ಯುತ್ತು ಚೂರುಗಳನ್ನು ಎಳೆದುಕೊಳ್ಳುತ್ತದೆ. ವಾಸನೆ ಬರುವ ಮೆತ್ತನೆಯ ಪಿವಿಸಿ ಆಲ್ಬಮ್ ಯಾರಿಗೂ ಬೇಡ.

ತೇವಾಂಶ ಶೇ 30ರಿಂದ 50ರೊಳಗೆ ಇರಬೇಕು. ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಚಿಕ್ಕ ತೇವಮಾಪಕ, ಲೀಟರಿಗೆ ಸುಮಾರು 20 ಗ್ರಾಂ ಲೆಕ್ಕದಲ್ಲಿ ಸಿಲಿಕಾ ಜೆಲ್. 30 ಲೀಟರ್ ಡಬ್ಬಿಗೆ 600 ಗ್ರಾಂ. ಪೂರ್ತಿ ಒಣಗಿಸಿದ ಜೆಲ್ಲನ್ನು ಅಷ್ಟೂ ಒಮ್ಮೆಗೇ ಇಟ್ಟರೆ ತೇವ ಶೇ 20ಕ್ಕಿಂತ ಕೆಳಗಿಳಿದು ಆಲ್ಬ್ಯುಮೆನ್ ಬಿರಿಯುತ್ತದೆ, ರಟ್ಟು ಬಿಲ್ಲಿನಂತೆ ಬಾಗುತ್ತದೆ. ಕಾಲು ಭಾಗದಿಂದ ಶುರುಮಾಡಿ, ಮಾಪಕ ನೋಡುತ್ತ ಹೆಚ್ಚಿಸಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ 120 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಜೆಲ್ ಫೋಟೊಗೆ ತಾಗದಂತೆ ಬಟ್ಟೆಯ ಚೀಲದಲ್ಲಿರಲಿ. ನುಸಿಗುಳಿಗೆ ಹಾಕಬೇಡಿ. ಡಬ್ಬಿಯನ್ನು ಹೊರಗೋಡೆಗೆ ಒರಗಿಸದೆ, ನೆಲದಿಂದ ಒಂದಡಿ ಎತ್ತರದಲ್ಲಿ, ಕಬ್ಬಿಣದ ಕಪಾಟಿನಲ್ಲಿಡಿ. ಗೆದ್ದಲು ಮರದ ಕಪಾಟಿನ ಹಿಂದಿನಿಂದ ಬಂದು, ರಟ್ಟು ಪೂರ್ತಿ ತಿಂದು, ಚಿತ್ರದ ತೆಳು ಹಾಳೆಯನ್ನಷ್ಟೇ ಬಿಟ್ಟುಹೋಗುತ್ತದೆ. ಮುಂದಿನಿಂದ ನೋಡಿದರೆ ತಿಳಿಯುವುದೇ ಇಲ್ಲ.

ಸ್ಕ್ಯಾನ್ ಮಾಡುವಾಗ ಪೋಸ್ಟ್‌ಕಾರ್ಡ್ ಮತ್ತು ದೊಡ್ಡವಕ್ಕೆ ಇಂಚಿಗೆ 600, ಚಿಕ್ಕವಕ್ಕೆ 1200 ಬಿಂದುಗಳಲ್ಲಿ, ಟಿಫ್ ಕಡತವಾಗಿ, ಮುಂದೂ ಹಿಂದೂ, ರಟ್ಟಿನ ಅಂಚು ಪೂರ್ತಿ ಕಾಣುವಂತೆ. ಸಹಿಯ ಮೇಲೆ ಓರೆ ಬೆಳಕು ಬಿಟ್ಟು ತೆಗೆದ ಒಂದು ಚಿತ್ರವನ್ನೂ ಜೊತೆಗಿಡಿ. ಹಾಳೆ ಎಳೆದುಕೊಳ್ಳುವ ಸ್ಕ್ಯಾನರಿಗೆ ಎಂದೂ ಹಾಕಬೇಡಿ. ಗುರುತಿನ ಸಂಖ್ಯೆಯನ್ನು ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮೊದಲೇ ಬರೆಯಿರಿ. ಒಳಗಿಟ್ಟು ಬರೆದರೆ ಪೆನ್ಸಿಲಿನ ಒತ್ತು ಚಿತ್ರಕ್ಕೆ ಮೂಡುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಒಂದು ಕಾನೂನು ತಿಳಿದಿರಬೇಕು. 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಕಲಾ ಮಹತ್ವದ ವಸ್ತುಗಳನ್ನೂ, 75 ವರ್ಷ ದಾಟಿದ ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗಳನ್ನೂ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸಹಿಯೂ ಒಕ್ಕಣೆಯೂ ಇರುವ ಫೋಟೊ ಈ ಎರಡರಲ್ಲಿ ಒಂದಕ್ಕೆ ಸೇರಬಹುದು. ಅಂಚೆಯಲ್ಲಿ ಕಳಿಸುವುದೂ ರಫ್ತೇ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಾಚೀನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ, ಇಲ್ಲವೇ ಮೂಲವನ್ನು ಊರಿನ ಮನೆಯಲ್ಲೇ ಬಿಟ್ಟು ಸ್ಕ್ಯಾನ್ ಒಯ್ಯಿರಿ. ಫೋಟೊ ಕೊಂಡ ಮಾತ್ರಕ್ಕೆ ಅದನ್ನು ಪುಸ್ತಕದಲ್ಲಿ ಅಚ್ಚು ಹಾಕುವ ಹಕ್ಕು ಬರುವುದಿಲ್ಲ ಎಂಬುದೂ ಗಮನದಲ್ಲಿರಲಿ. ಹಕ್ಕುಸ್ವಾಮ್ಯದ ಅವಧಿ ಇನ್ನೂ ಮುಗಿದಿರದಿದ್ದರೆ ಅದಕ್ಕೆ ಹಕ್ಕುದಾರರ ಒಪ್ಪಿಗೆಯನ್ನು ಬೇರೆಯಾಗಿ ಕೇಳಬೇಕು.